ಎಡಗೈ ಎಲ್ಲಿದೆ?

ಮರಗೆಲಸದ ಶೆಡ್ಡುಗಳಲ್ಲಿ ರೇಡಿಯೋ ಹಾಕಿಕೊಂಡೇ ಕೆಲಸ ಮಾಡುವವರು ಬಹಳ ಮಂದಿ. ನಾನೂ ಹಾಗೆ ಮಾಡುತ್ತಿದ್ದವನೇ. ಈ ಹೊತ್ತಿನಲ್ಲಿ ನಿಮ್ಮ ಶೆಡ್ಡಿನಲ್ಲಿ ಕಟರ್ ತಿರುಗುತ್ತಿದ್ದರೆ ದಯವಿಟ್ಟು ಅದನ್ನು ಆರಿಸಿ, ಒಂದು ಕಡೆ ಕೂತು ಕೇಳಿ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಯಂತ್ರದ ವಿಷಯವನ್ನೇ.

ಅಂಗಡಿಯ ಬಿಲ್ಲಿನಲ್ಲಿ ಅದರ ಹೆಸರು ಸ್ಲೈಡಿಂಗ್ ಮೈಟರ್ ಸಾ. ಸೈಟಿನಲ್ಲಿ ಕೆಲವರು ಮೈಟರ್ ಅನ್ನುತ್ತಾರೆ, ಕೆಲವರು ಸ್ಲೈಡಿಂಗ್ ಕಟರ್ ಅನ್ನುತ್ತಾರೆ. ನೋಡದವರಿಗಾಗಿ ಹೇಳುತ್ತೇನೆ. ಕೆಳಗೆ ಒಂದು ಲೋಹದ ಮೇಜು, ಅದರ ಹಿಂದೆ ಮರವನ್ನು ಆನಿಸಲು ನೆಟ್ಟಗೆ ನಿಂತ ಪಟ್ಟಿ. ಆ ಪಟ್ಟಿಗೆ ಫೆನ್ಸ್ ಅನ್ನುತ್ತಾರೆ. ಮೇಲೆ ಮೋಟರು ಮತ್ತು ದುಂಡು ಬ್ಲೇಡು ಇರುವ ತಲೆಭಾಗ. ಈ ತಲೆ ಕೆಳಗೆ ಬಾಗುತ್ತದೆ, ಎಡಕ್ಕೆ ಬಲಕ್ಕೆ ತಿರುಗುತ್ತದೆ, ಪಕ್ಕಕ್ಕೆ ಓರೆಯಾಗುತ್ತದೆ. ಅಷ್ಟೇ ಅಲ್ಲದೆ, ಎರಡು ಕೊಳವೆಗಳ ಮೇಲೆ ನಮ್ಮ ಕಡೆಗೆ ಜಾರಿ ಬಂದು ಮತ್ತೆ ಹಿಂದಕ್ಕೆ ಹೋಗುತ್ತದೆ. ಈ ಜಾರುವ ಗುಣದಿಂದಲೇ ಒಂದು ಅಡಿ ಅಗಲದ ಹಲಗೆಯನ್ನೂ ಒಂದೇ ಸಲಕ್ಕೆ ಕೊಯ್ಯಬಹುದು. ಬಾಗಿಲ ಚೌಕಟ್ಟಿನ ಬೀಡಿಂಗನ್ನು 45 ಡಿಗ್ರಿಗೆ ಕೊಯ್ದು ಮೂಲೆಯಲ್ಲಿ ಕೂದಲೆಳೆಯ ಸಂದೂ ಇಲ್ಲದ ಹಾಗೆ ಕೂರಿಸುವುದು ಮೊದಲು ಅರ್ಧ ಗಂಟೆಯ ಕೆಲಸವಾಗಿತ್ತು. ಈಗ ಅದು ಎರಡು ನಿಮಿಷದ್ದು. ಇಂಥ ಯಂತ್ರವನ್ನು ಬೇಡ ಅನ್ನುವವನು ನಾನಲ್ಲ.

ನನ್ನ ತಂದೆ ಕೈಗರಗಸದವರು. ಅವರು ಕೊಯ್ಯಲು ಶುರು ಮಾಡುವ ರೀತಿ ಈಗಲೂ ಕಣ್ಣ ಮುಂದಿದೆ. ಗೆರೆಯ ಪಕ್ಕದಲ್ಲಿ ಎಡಗೈ ಹೆಬ್ಬೆರಳನ್ನು ಮಡಿಸಿ ಊರುತ್ತಿದ್ದರು. ಗರಗಸದ ತಗಡು ಆ ಗೆಣ್ಣಿಗೆ ಒರಗಿಕೊಂಡು ಎರಡು ಸಲ ಮೆಲ್ಲಗೆ ಆಡುತ್ತಿತ್ತು. ಗೆರೆ ಹಿಡಿದ ಮೇಲೆ ಜೋರು. ಬಡಗಿಯ ಮನೆಯಲ್ಲಿ ಹುಟ್ಟಿದ ಹುಡುಗ ಮೊದಲು ಕಲಿಯುವ ವಿದ್ಯೆ ಇದು. ಎಡಗೈ ಗರಗಸದ ಹತ್ತಿರವೇ ಇರಬೇಕು, ಗರಗಸಕ್ಕೆ ದಾರಿ ತೋರಿಸಬೇಕು. ಮರ ಅಲ್ಲಾಡಿದರೆ ಕಾಲಿನಿಂದ ಒತ್ತಿ ಹಿಡಿಯಬೇಕು. ತಲೆತಲಾಂತರದಿಂದ ನಮ್ಮ ಕೈಗೆ ಕೂತ ಪಾಠ.

ಆ ಪಾಠವನ್ನೇ ನಾವು ಮೈಟರ್ ಮುಂದೆಯೂ ತಂದು ನಿಲ್ಲಿಸುತ್ತೇವೆ. ಬಲಗೈ ಹಿಡಿಕೆಯ ಮೇಲಿರುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಎಡಗೈ ಮಾತ್ರ ಹಳೆಯ ಅಭ್ಯಾಸದಂತೆ ಗೆರೆಯ ಹತ್ತಿರಕ್ಕೆ ಸರಿಯುತ್ತದೆ. ನಾನು ಹುಡುಗರಿಗೆ ಕೆಲಸ ಹೇಳಿಕೊಡುವಾಗ ಅವರ ಮುಖ ನೋಡುವುದಿಲ್ಲ, ಬ್ಲೇಡೂ ನೋಡುವುದಿಲ್ಲ. ನೋಡುವುದು ಎಡಗೈಯನ್ನು. ಈ ಯಂತ್ರದ ಸುರಕ್ಷತೆಯ ಮುಕ್ಕಾಲು ಪಾಲು ಅಲ್ಲೇ ಇದೆ ಎಂಬುದು ನನ್ನ ಅನುಭವ.

ಯಾಕೆ ಅಷ್ಟು ಭಯ ಅಂತ ಕೇಳಿದರೆ ಒಂದು ಲೆಕ್ಕ ಹೇಳುತ್ತೇನೆ. ಹತ್ತು ಇಂಚಿನ ಬ್ಲೇಡು, ಅಂದರೆ 254 ಮಿಲಿಮೀಟರಿನದು, ನಿಮಿಷಕ್ಕೆ 4,800 ಸುತ್ತು ತಿರುಗುತ್ತದೆ ಅಂದುಕೊಳ್ಳಿ. ಸೆಕೆಂಡಿಗೆ 80 ಸುತ್ತು. ಅದರ ಅಂಚು ಗಂಟೆಗೆ ಸುಮಾರು 230 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅರವತ್ತು ಹಲ್ಲಿನ ಬ್ಲೇಡಾದರೆ ಒಂದು ಸೆಕೆಂಡಿಗೆ 4,800 ಹಲ್ಲುಗಳು ಒಂದು ಜಾಗವನ್ನು ದಾಟಿ ಹೋಗುತ್ತವೆ. ಬಿಸಿ ಪಾತ್ರೆ ಮುಟ್ಟಿದ ಕೈಯನ್ನು ಸರಕ್ಕನೆ ಎಳೆದುಕೊಳ್ಳಲು ಸೆಕೆಂಡಿನ ಐದನೇ ಒಂದು ಭಾಗ ಬೇಕು ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ 960 ಹಲ್ಲು ದಾಟಿರುತ್ತವೆ. ‘ನನ್ನ ಕೈ ಚುರುಕು, ನಾನು ತೆಗೆದುಬಿಡ್ತೀನಿ’ ಅನ್ನುವ ಮಾತಿಗೆ ಈ ಯಂತ್ರದ ಮುಂದೆ ಅರ್ಥವಿಲ್ಲ. ಕೈ ಮೊದಲೇ ದೂರ ಇರಬೇಕು.

ಎಷ್ಟು ದೂರ? ಬ್ಲೇಡಿನ ಎರಡೂ ಪಕ್ಕಕ್ಕೆ 15 ಸೆಂಟಿಮೀಟರ್, ಅಂದರೆ ಆರು ಇಂಚು. ನಾನು ಕಲಿಸುವ ಕಡೆ ಮೇಜಿನ ಮೇಲೆ ಅಷ್ಟು ಜಾಗಕ್ಕೆ ಕೆಂಪು ಬಣ್ಣ ಬಳಿದಿದ್ದೇನೆ. ಸ್ವಿಚ್ಚು ಒತ್ತಿದ ಮೇಲೆ ಆ ಕೆಂಪಿನ ಮೇಲೆ ಯಾರ ಬೆರಳೂ ಬರಬಾರದು. ಎಡಗೈಯಿಂದ ಬಲಗಡೆಯ ಮರ ಹಿಡಿಯಲು ತೋಳನ್ನು ಬ್ಲೇಡಿನ ಮುಂದೆ ಅಡ್ಡ ಹಾಯಿಸುವುದೂ ಕೂಡದು. ಮರ ಎಡಕ್ಕಿದ್ದರೆ ಎಡಗೈ ಹಿಡಿಯಲಿ. ಮರ ಬಲಕ್ಕಿದ್ದರೆ ಕ್ಲಾಂಪು ಹಾಕಬೇಕು, ಇಲ್ಲವೇ ಮರವನ್ನೇ ತಿರುಗಿಸಿ ಇಡಬೇಕು.

ಇನ್ನು ಮುಂದಿನ ಮಾತಿಗೆ ನಾನು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ಈ ಯಂತ್ರ ಕೊಂಡವರಲ್ಲಿ ಅನೇಕರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ತಲೆಭಾಗ ಸುಮ್ಮನಿರುವಾಗ ಹಿಂದೆ, ಫೆನ್ಸಿನ ಹತ್ತಿರ ಇರುತ್ತದೆ. ಅಗಲದ ಹಲಗೆ ಇಟ್ಟ ಕೂಡಲೇ ಹೊಸಬ ಏನು ಮಾಡುತ್ತಾನೆ? ಇದ್ದ ಜಾಗದಲ್ಲೇ ತಲೆಯನ್ನು ಕೆಳಗೆ ಒತ್ತಿ, ಮರದೊಳಗೆ ಇಳಿಸಿ, ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ನೋಡುವವರಿಗೆ ಅದೇ ಸಹಜ ಅನ್ನಿಸುತ್ತದೆ. ಆದರೆ ಅದು ತಪ್ಪು, ಈ ಯಂತ್ರದಲ್ಲಿ ಮಾಡಬಹುದಾದ ದೊಡ್ಡ ತಪ್ಪು.

ಕಾರಣ ಹೇಳುತ್ತೇನೆ. ಬ್ಲೇಡಿನ ಮುಂಭಾಗ, ನಮ್ಮ ಕಡೆ ಇರುವುದು, ಮೇಲಿನಿಂದ ಕೆಳಕ್ಕೆ ತಿರುಗುತ್ತದೆ. ತಳದ ಹಲ್ಲುಗಳು ನಮ್ಮಿಂದ ಫೆನ್ಸಿನ ಕಡೆಗೆ ಓಡುತ್ತವೆ. ಗಾಡಿಯ ಚಕ್ರವನ್ನು ನೆನೆಸಿಕೊಳ್ಳಿ. ಚಕ್ರದ ತಳ ಹಿಂದಕ್ಕೆ ಒದ್ದರೆ ಗಾಡಿ ಮುಂದಕ್ಕೆ ಬರುತ್ತದೆ. ಹಾಗೆಯೇ ನಾವು ಬ್ಲೇಡನ್ನು ನಮ್ಮ ಕಡೆಗೆ ಎಳೆದಾಗ ಹಲ್ಲುಗಳು ಮರವನ್ನು ಕೊಯ್ಯುವ ಬದಲು ಮರದ ಮೇಲೆ ಹತ್ತಲು ನೋಡುತ್ತವೆ. ಮರ ಗಟ್ಟಿ ಇದ್ದು ಹಲ್ಲು ಕಚ್ಚಿಕೊಂಡರೆ ತಲೆಭಾಗ ಪೂರ್ತಿ ನಮ್ಮ ಮೇಲೆ ನೆಗೆಯುತ್ತದೆ. ತಳ್ಳಿಕೊಂಡು ಹೋಗುವಾಗ ಹೀಗಾಗುವುದಿಲ್ಲ. ಆಗ ಹಲ್ಲುಗಳ ಓಟವೇ ಮರವನ್ನು ಫೆನ್ಸಿಗೆ ಒತ್ತಿ ಇಡುತ್ತದೆ, ತಲೆ ನಮ್ಮ ಹಿಡಿತದಲ್ಲಿ ಉಳಿಯುತ್ತದೆ.

ರೇಡಿಯಲ್ ಆರ್ಮ್ ಸಾ ಎಂಬ ಹಳೆಯ ಯಂತ್ರವೊಂದಿದೆ. ಅಮೆರಿಕದ ರೇಮಂಡ್ ಡಿವಾಲ್ಟ್ 1920ರ ದಶಕದಲ್ಲಿ ರೂಪಿಸಿದ್ದು. ಅದರಲ್ಲಿ ಬ್ಲೇಡನ್ನು ತನ್ನ ಕಡೆಗೆ ಎಳೆಯುವುದೇ ವಾಡಿಕೆ, ನುಗ್ಗಿ ಬರುವ ಬ್ಲೇಡನ್ನು ತೋಳು ಬಿಗಿಹಿಡಿದು ತಡೆಯಬೇಕು. ಆ ಯಂತ್ರದಲ್ಲಿ ಪಳಗಿದವರು ಮೈಟರ್ ಮುಂದೆ ನಿಂತಾಗ ಅವರ ಕೈಯೂ ತಾನಾಗಿ ಎಳೆಯುತ್ತದೆ. ಅವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು.

ನನಗೆ ಇದು ತಿಳಿದದ್ದು ಏಟು ತಿಂದ ಮೇಲೆ. ಯಂತ್ರ ಕೊಂಡು ಮೂರು ವಾರವಾಗಿತ್ತು. ಒಂದು ಮನೆಯ ವಾರ್ಡ್‌ರೋಬಿಗೆ ಹತ್ತು ಇಂಚು ಅಗಲದ ಮತ್ತಿ ಹಲಗೆ ಕೊಯ್ಯುತ್ತಿದ್ದೆ. ಸಂಜೆ ಆರು ಗಂಟೆ, ಇನ್ನು ಎರಡೇ ಹಲಗೆ ಬಾಕಿ. ಎಳೆದೆ. ಒಂದು ಕಡೆ ಗಂಟು ಸಿಕ್ಕಿತು. ತಲೆ ಎದೆಯ ಹತ್ತಿರಕ್ಕೆ ನೆಗೆಯಿತು, ಹಲಗೆ ಎಗರಿತು, ಅದನ್ನು ಹಿಡಿದಿದ್ದ ಎಡಗೈ ಜಾರಿತು. ಹೆಬ್ಬೆರಳ ಗೆಣ್ಣು, ತಂದೆ ಗರಗಸಕ್ಕೆ ಒರಗಿಸಲು ಕಲಿಸಿದ್ದ ಅದೇ ಗೆಣ್ಣು, ಸೀಳಿತು. ಏಳು ಹೊಲಿಗೆ. ಮೂಳೆ ಉಳಿಯಿತು. ಮಳೆಗಾಲದಲ್ಲಿ ಈಗಲೂ ಆ ಬೆರಳು ಮಡಿಸಲು ಕಷ್ಟ. ಅವತ್ತು ನನ್ನ ಕೈ ಬ್ಲೇಡಿನಿಂದ ಮೂರು ಇಂಚು ದೂರವೂ ಇರಲಿಲ್ಲ. ಆರು ಇಂಚು ದೂರ ಇಟ್ಟಿದ್ದರೆ ಹಲಗೆ ಎಗರಿದರೂ ಬೆರಳಿಗೆ ಏನೂ ಆಗುತ್ತಿರಲಿಲ್ಲ.

ಸರಿಯಾದ ಕ್ರಮ ಹೀಗೆ. ಮರವನ್ನು ಫೆನ್ಸಿಗೆ ಒತ್ತಿ ಇಡಿ, ಕ್ಲಾಂಪು ಹಾಕಿ. ಸ್ವಿಚ್ಚು ಒತ್ತದೆ ತಲೆಭಾಗವನ್ನು ಪೂರ್ತಿ ನಿಮ್ಮ ಕಡೆಗೆ ಎಳೆದುಕೊಳ್ಳಿ. ಈಗ ಎಡಗೈ ಎಲ್ಲಿದೆ ನೋಡಿ. ಆಮೇಲೆ ಸ್ವಿಚ್ಚು ಒತ್ತಿ, ಬ್ಲೇಡು ಪೂರ್ತಿ ವೇಗಕ್ಕೆ ಬರುವವರೆಗೆ ಕಾಯಿರಿ. ಸದ್ದು ಏರುತ್ತಾ ಹೋಗಿ ಒಂದೇ ಸಮನಾಗುತ್ತದೆ, ಕಿವಿಗೇ ಗೊತ್ತಾಗುತ್ತದೆ. ಮರದ ಮುಂದಿನ ಅಂಚಿನಲ್ಲಿ ತಲೆಯನ್ನು ಕೆಳಗೆ ಇಳಿಸಿ, ಹಾಗೇ ಫೆನ್ಸಿನ ಕಡೆಗೆ ನಿಧಾನವಾಗಿ ತಳ್ಳಿ. ಕೊಯ್ದು ಮುಗಿಯಿತು. ಇಲ್ಲಿ ಒಂದು ಮುಖ್ಯ ಮಾತು: ತಲೆಯನ್ನು ಮೇಲಕ್ಕೆ ಎತ್ತಬೇಡಿ. ಕೆಳಗೇ ಹಿಡಿದುಕೊಂಡು ಸ್ವಿಚ್ಚು ಬಿಡಿ. ಬ್ಲೇಡು ನಿಂತ ಮೇಲೆ ಎತ್ತಿ.

ಆ ಕೊನೆಯ ನಾಲ್ಕೈದು ಸೆಕೆಂಡು ಕಾಯಲು ನಮಗೆ ಆಗುವುದಿಲ್ಲ. ಕಂಟ್ರಾಕ್ಟರ್ ಕೂಗುತ್ತಿರುತ್ತಾನೆ, ಇನ್ನೂ ಐವತ್ತು ತುಂಡು ಕೊಯ್ಯುವುದಿರುತ್ತದೆ. ಆದರೆ ತಿರುಗುವ ಬ್ಲೇಡನ್ನು ಎತ್ತುವಾಗಲೇ ಅದರ ಹಿಂಬದಿಯ ಹಲ್ಲು ಕೊಯ್ದು ಬಿದ್ದ ಚಿಕ್ಕ ಚೂರನ್ನು ಹಿಡಿಯುವುದು. ಹೆಬ್ಬೆಟ್ಟಿನಷ್ಟು ಸಾಗುವಾನಿ ಚೂರು ಕಲ್ಲಿನಂತೆ ಸಿಡಿದು ಸಹಾಯಕ ಹುಡುಗನ ಹುಬ್ಬಿನ ಮೇಲೆ ಬಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅರ್ಧ ಇಂಚು ಕೆಳಗೆ ಬಡಿದಿದ್ದರೆ ಆ ಹುಡುಗನಿಗೆ ಒಂದು ಕಣ್ಣು ಇರುತ್ತಿರಲಿಲ್ಲ. ಅವನು ಕನ್ನಡಕ ಹಾಕಿರಲಿಲ್ಲ. ಹಾಕು ಅಂತ ನಾವು ಯಾರೂ ಹೇಳಿರಲಿಲ್ಲ.

ಚಿಕ್ಕ ಚೂರಿನ ಮಾತು ಬಂತು. ಒಂದೇ ಅಳತೆಯ ಹತ್ತಾರು ತುಂಡು ಬೇಕಾದಾಗ ಅಳತೆಗೆ ಒಂದು ಕಟ್ಟಿಗೆಯನ್ನು ತಡೆಯಾಗಿ ಕಟ್ಟುತ್ತೇವೆ, ಅದು ಒಳ್ಳೆಯದೇ. ಆದರೆ ತಡೆ ಇರಬೇಕಾದದ್ದು ನಾವು ಹಿಡಿದಿರುವ ಕಡೆ. ಬೀಳುವ ತುಂಡಿನ ಕಡೆ ತಡೆ ಕಟ್ಟಿದರೆ ಆ ತುಂಡು ತಡೆಗೂ ಬ್ಲೇಡಿಗೂ ನಡುವೆ ಸಿಕ್ಕಿಹಾಕಿಕೊಂಡು ಸಿಡಿಯುತ್ತದೆ. ಒಂದು ಗೇಣಿಗಿಂತ ಚಿಕ್ಕ ಮರವನ್ನು ಕೈಯಲ್ಲಿ ಹಿಡಿದು ಕೊಯ್ಯಲೇಬೇಡಿ. ಉದ್ದದ ಮರದಿಂದಲೇ ಚಿಕ್ಕ ತುಂಡನ್ನು ಕೊಯ್ದು ತೆಗೆಯಿರಿ. ಅದೂ ಆಗದಿದ್ದರೆ ಕೈಗರಗಸ ಇನ್ನೂ ಗೋಡೆಗೆ ನೇತುಹಾಕಿದೆಯಲ್ಲ, ಅದನ್ನು ತೆಗೆದುಕೊಳ್ಳಿ.

ಉದ್ದದ ಮರಕ್ಕೆ ಬೇರೆ ತೊಂದರೆ. ಹತ್ತು ಅಡಿ ರೀಪು ಇಟ್ಟು ಅದರ ತುದಿಯನ್ನು ಒಬ್ಬ ಹುಡುಗನ ಕೈಗೆ ಕೊಡುವುದು ನಮ್ಮ ಸೈಟುಗಳಲ್ಲಿ ದಿನದ ದೃಶ್ಯ. ಅವನು ಆ ಕಡೆ ತಿರುಗಿ ಯಾರಿಗೋ ಉತ್ತರ ಕೊಟ್ಟ ಅಂದರೆ ಮರ ಎರಡು ಬೆರಳು ಮೇಲೇಳುತ್ತದೆ. ಕೊಯ್ತದ ಸಂದು ಮುಚ್ಚಿಕೊಳ್ಳುತ್ತದೆ, ಬ್ಲೇಡು ಸಿಕ್ಕಿಕೊಳ್ಳುತ್ತದೆ, ಮರ ಈ ಕಡೆ ಹಿಡಿದಿರುವವನ ಕೈಯನ್ನೇ ಬ್ಲೇಡಿನ ಕಡೆಗೆ ಎಳೆಯುತ್ತದೆ. ಮರದ ತುದಿಗೆ ಮನುಷ್ಯ ಬೇಡ. ಮೇಜಿನ ಎತ್ತರಕ್ಕೆ ಸರಿಯಾದ ಒಂದು ಸ್ಟ್ಯಾಂಡು ಇಡಿ. ಮಿಕ್ಕ ಪ್ಲೈವುಡ್ ತುಂಡುಗಳಲ್ಲೇ ಅರ್ಧ ಗಂಟೆಯಲ್ಲಿ ಮಾಡಿಕೊಳ್ಳಬಹುದು.

ಮರವನ್ನೂ ಒಮ್ಮೆ ನೋಡಿಕೊಳ್ಳಿ. ಕೊಡಗು, ಚಿಕ್ಕಮಗಳೂರಿನ ತೋಟಗಳಿಂದ ಬರುವ ಸಿಲ್ವರ್ ಓಕ್ ಸರಿಯಾಗಿ ಒಣಗದೆ ಬಂದರೆ ಬಿಲ್ಲಿನಂತೆ ಬಾಗಿರುತ್ತದೆ. ಆಗ ಉಬ್ಬಿದ ಹೊರಮೈ ಫೆನ್ಸಿನ ಕಡೆಗಿರಬೇಕು. ಕೊಯ್ಯುವ ಗೆರೆಯ ಹತ್ತಿರ ಮರಕ್ಕೂ ಫೆನ್ಸಿಗೂ ನಡುವೆ ಸಂದು ಇರಕೂಡದು. ಹಳೆಯ ಮನೆ ಕೆಡವಿದ ತೊಲೆ, ಬಾಗಿಲುಗಳಾದರೆ ಒಳಗೆ ಮೊಳೆ ಇರುತ್ತದೆ. ಮೇಲೆ ಬಣ್ಣ ಬಳಿದು ಮುಚ್ಚಿರುತ್ತಾರೆ. ಒಂದು ಅಯಸ್ಕಾಂತವನ್ನು ಸವರಿ ನೋಡಿ.

ಬ್ಲೇಡಿನ ಬಗ್ಗೆ ಸ್ವಲ್ಪದರಲ್ಲೇ ಹೇಳಿಬಿಡುತ್ತೇನೆ. ಟೇಬಲ್ ಸಾಗೆ ತಂದ ಬ್ಲೇಡನ್ನು ತೂತು ಹೊಂದಿತು ಅಂತ ಇದಕ್ಕೆ ಹಾಕುವವರಿದ್ದಾರೆ. ಉದ್ದುದ್ದ ಸೀಳುವ ಬ್ಲೇಡಿನ ಹಲ್ಲು ಮುಂದಕ್ಕೆ ಬಾಗಿರುತ್ತದೆ, ಮರವನ್ನು ಕಚ್ಚಿ ಎಳೆಯುತ್ತದೆ. ಮೈಟರಿಗೆ ಬೇಕಾದದ್ದು ಹಲ್ಲು ನೆಟ್ಟಗಿರುವ ಅಥವಾ ಸ್ವಲ್ಪ ಹಿಂದಕ್ಕೆ ವಾಲಿದ, ಅಡ್ಡ ಕೊಯ್ಯುವ ಬ್ಲೇಡು. ಬ್ಲೇಡಿನ ಮೇಲೆ ಬರೆದಿರುವ ಗರಿಷ್ಠ ಸುತ್ತು ಯಂತ್ರದ ಸುತ್ತಿಗಿಂತ ಕಡಿಮೆ ಇರಬಾರದು. ಬ್ಲೇಡು ಬದಲಿಸುವಾಗ ಪ್ಲಗ್ ಗೋಡೆಯಿಂದ ಹೊರಗೆ ಬಂದಿರಬೇಕು. ಸ್ವಿಚ್ಚು ಆರಿಸಿದರೆ ಸಾಲದು.

ಪ್ಲಗ್ ಅಂದಾಗ ನನಗೆ ಸಿಟ್ಟು ಬರುವ ಒಂದು ದೃಶ್ಯ ನೆನಪಾಗುತ್ತದೆ. ಎರಡು ತಂತಿಯ ತುದಿ ಸುಲಿದು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಚುಚ್ಚುವುದು. ಈ ಯಂತ್ರ 1,800, 2,000 ವ್ಯಾಟ್ ಎಳೆಯುವಂಥದ್ದು. ಇದಕ್ಕೆ 16 ಆಂಪಿಯರಿನ ದೊಡ್ಡ ಪಾಯಿಂಟೇ ಬೇಕು. ತಂತಿ ಸಡಿಲವಾಗಿ ಕರೆಂಟು ಹೋಗಿ ಬಂದರೆ, ನಿಂತ ಬ್ಲೇಡಿನ ಕೆಳಗೆ ಕೈ ಹಾಕಿ ಚೂರು ತೆಗೆಯುತ್ತಿರುವವನ ಗತಿ ಏನು? ಸೈಟಿನ ಬೋರ್ಡಿಗೆ, ಕರೆಂಟು ಸೋರಿದರೆ ತಾನಾಗಿ ಆರಿಸುವ 30 ಮಿಲಿಆಂಪಿಯರಿನ ಇ.ಎಲ್.ಸಿ.ಬಿ. ಹಾಕಿಸಿ ಅಂತ ಮನೆ ಕಟ್ಟಿಸುವ ಯಜಮಾನರಿಗೂ ನಾನು ಕೈಮುಗಿದು ಹೇಳುತ್ತೇನೆ. ನಿಮ್ಮ ಮನೆಯ ಕೆಲಸ ಮಾಡುತ್ತಿರುವವನ ಜೀವದ ಮಾತು ಇದು.

ಯಂತ್ರವನ್ನು ನೆಲದ ಮೇಲಿಟ್ಟು ಕುಕ್ಕರಗಾಲಲ್ಲಿ ಕೂತು ಕೊಯ್ಯುವುದನ್ನೂ ನಾವು ಬಿಡಬೇಕು. ನೆಲದಲ್ಲಿ ಕೂತು ಕೆಲಸ ಮಾಡುವುದು ನಮ್ಮ ಪದ್ಧತಿ, ಅದರಲ್ಲಿ ಕೀಳೇನಿಲ್ಲ. ಉಳಿ, ಬಾಚಿ ಹಿಡಿದಾಗ ಅದಕ್ಕಿಂತ ಒಳ್ಳೆಯ ಭಂಗಿ ಇಲ್ಲ. ಆದರೆ ಇಲ್ಲಿ ಮುಖ ಬ್ಲೇಡಿನ ಸಮಕ್ಕೆ ಬರುತ್ತದೆ, ಮಂಡಿ ಅದರ ಮುಂದೆ ಇರುತ್ತದೆ, ಆಯ ತಪ್ಪಿದರೆ ಕೈ ಊರುವುದು ಮೇಜಿನ ಮೇಲೆಯೇ. ಸೊಂಟದೆತ್ತರದ ಗಟ್ಟಿ ಮೇಜಿಗೆ ಯಂತ್ರವನ್ನು ಬೋಲ್ಟ್ ಹಾಕಿ ಕೂರಿಸಿ. ಬ್ಲೇಡಿನ ನೇರಕ್ಕೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಕೊರಳ ಟವೆಲ್ಲು, ತೋಳುದ್ದದ ಸಡಿಲ ಅಂಗಿ, ಉಂಗುರ, ದೇವಸ್ಥಾನದಲ್ಲಿ ಮಣಿಕಟ್ಟಿಗೆ ಕಟ್ಟಿದ ದಾರ, ಇವು ಯಾವುವೂ ಬ್ಲೇಡಿನ ಹತ್ತಿರ ಬೇಡ. ದಾರವನ್ನು ತೆಗೆಯಲು ಮನಸ್ಸಾಗದವರು ಅಂಗಿಯೊಳಗೆ ಬಿಗಿಯಾಗಿ ಸೇರಿಸಿಕೊಳ್ಳಲಿ. ಕೈಗವಸು ಹಾಕಿದರೆ ಕ್ಷೇಮ ಅಂದುಕೊಳ್ಳುತ್ತಾರೆ. ತಿರುಗುವ ಹಲ್ಲಿಗೆ ಕೈಗವಸಿನ ಒಂದು ಎಳೆ ಸಿಕ್ಕಿದರೂ ಪೂರ್ತಿ ಕೈ ಹೋಗುತ್ತದೆ. ಕೊಯ್ಯುವಾಗ ಬರಿಗೈಯೇ ಸರಿ.

ಮೂಗು, ಕಿವಿಯ ಬಗ್ಗೆ ಎರಡು ಮಾತು. ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಸೇರಿಸಿದೆ. ಅದು ಮುಖ್ಯವಾಗಿ ಮೂಗಿನೊಳಗೆ ಬರುವ ಕ್ಯಾನ್ಸರ್. ಯಂತ್ರದ ಹಿಂದಿನ ಚೀಲ ಹುಡಿಯನ್ನೆಲ್ಲ ಹಿಡಿಯುವುದಿಲ್ಲ, ಮಾಸ್ಕ್ ಬೇಕು. ಇದರ ಸದ್ದು 100 ಡೆಸಿಬಲ್ ಮುಟ್ಟುವಂಥದ್ದು, ಕಿವಿಗೆ ಮುಚ್ಚಳ ಬೇಕು. ಕೆಲಸ ಬಿಟ್ಟ ಮೇಲೆ ಮೊಮ್ಮಕ್ಕಳ ಮಾತು ಕೇಳಿಸದ ಹಿರಿಯ ಬಡಗಿಗಳು ನನ್ನ ಬಳಗದಲ್ಲೇ ಇದ್ದಾರೆ.

ಮತ್ತೆ ಬೆರಳಿನ ಮಾತಿಗೆ ಬರುತ್ತೇನೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆಗೆ ಒಂದು ಪಟ್ಟಿ ಲಗತ್ತಾಗಿತ್ತು. ಯಾವ ಅಂಗ ಹೋದರೆ ದುಡಿಯುವ ಶಕ್ತಿ ನೂರಕ್ಕೆ ಎಷ್ಟು ಹೋಯಿತು ಅಂತ ಲೆಕ್ಕ ಹಾಕುವ ಪಟ್ಟಿ. ಹೆಬ್ಬೆರಳಿಗೆ 30. ತೋರುಬೆರಳು ಪೂರ್ತಿ ಹೋದರೆ 14. ನಡುಬೆರಳಿಗೆ 12. ಮೊದಲ ಸಲ ಓದಿದಾಗ ನಾನು ನನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಹೆಬ್ಬೆರಳಿಲ್ಲದ ಬಡಗಿ ಉಳಿಯನ್ನು ಹೇಗೆ ಹಿಡಿಯುತ್ತಾನೆ? ಮೂಲೆಮಟ್ಟವನ್ನು ಹಲಗೆಗೆ ಹೇಗೆ ಒತ್ತುತ್ತಾನೆ? ನಮ್ಮ ಕಸುಬಿನಲ್ಲಿ ಅವನು ಕಳೆದುಕೊಳ್ಳುವುದು ನೂರಕ್ಕೆ ಮೂವತ್ತಕ್ಕಿಂತ ಬಹಳ ಹೆಚ್ಚು.

ಇಷ್ಟೆಲ್ಲ ಮಾಡಿಯೂ ಅಪಘಾತವಾದರೆ ಏನು ಮಾಡಬೇಕು ಎಂಬುದು ಪಕ್ಕದಲ್ಲಿರುವವನಿಗೆ ಗೊತ್ತಿರಬೇಕು. ಮೊದಲು ಪ್ಲಗ್ ಕೀಳಿ. ಗಾಯದ ಮೇಲೆ ಶುಭ್ರ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿಯಿರಿ. ಕಾಫಿಪುಡಿ, ಅರಿಸಿನ, ಸುಣ್ಣ ಏನನ್ನೂ ಹಾಕಬೇಡಿ. ಬೆರಳು ತುಂಡಾಗಿದ್ದರೆ ಹುಡಿಯಲ್ಲಿ ಹುಡುಕಿ ತೆಗೆಯಿರಿ. ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು ಕಟ್ಟಿ. ಆ ಚೀಲವನ್ನು ಐಸ್ ಬೆರೆಸಿದ ನೀರಿನಲ್ಲಿಡಿ. ಬೆರಳನ್ನು ನೇರವಾಗಿ ಐಸಿನ ಮೇಲೆ ಇಟ್ಟರೆ ಅದು ಕೆಡುತ್ತದೆ, ಆಮೇಲೆ ಡಾಕ್ಟರಿಗೆ ಜೋಡಿಸಲು ಆಗುವುದಿಲ್ಲ. 108ಕ್ಕೆ ಫೋನು ಮಾಡಿ. ಗಾಯಗೊಂಡವನೂ ಬೆರಳೂ ಒಟ್ಟಿಗೆ ಹೋಗಬೇಕು, ಬೇಗ ಹೋಗಬೇಕು.

ಆಯುಧಪೂಜೆಯ ದಿನ ನಾವು ಈ ಯಂತ್ರವನ್ನು ಒರೆಸಿ, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕುತ್ತೇವೆ. ಅವತ್ತು ಅದನ್ನು ಮುಟ್ಟಿ ಕೆಲಸ ಮಾಡುವುದಿಲ್ಲ. ಹೋದ ವರ್ಷ ಪರಿಚಯದವರೊಬ್ಬರ ಶೆಡ್ಡಿಗೆ ಪೂಜೆಗೆ ಕರೆದಿದ್ದರು. ಹಾರ ಬಹಳ ಚೆನ್ನಾಗಿತ್ತು. ಹೂವಿನ ಹಿಂದೆ ನೋಡಿದರೆ ಬ್ಲೇಡನ್ನು ಮುಚ್ಚಿ ಕಾಯುವ ಗಾರ್ಡನ್ನು ಬೈಂಡಿಂಗ್ ವಯರಿನಿಂದ ಮೇಲಕ್ಕೆ ಎತ್ತಿ ಕಟ್ಟಿತ್ತು. ಗೆರೆ ಕಾಣಿಸುವುದಿಲ್ಲ ಅಂತ ಕಟ್ಟಿದ್ದಂತೆ. ಗಾರ್ಡಿನ ಪ್ಲಾಸ್ಟಿಕ್ಕಿಗೆ ಮರದ ಅಂಟು, ಹುಡಿ ಮೆತ್ತಿ ಮಬ್ಬಾಗಿದ್ದರೆ ಸೋಪಿನ ನೀರಲ್ಲಿ ಒರೆಸಿದರೆ ಆಯಿತು. ನಾನು ಪ್ರಸಾದ ತೆಗೆದುಕೊಳ್ಳುವ ಮೊದಲು ಕಟಿಂಗ್ ಪ್ಲೇಯರ್ ಕೇಳಿದೆ. ಆ ವಯರನ್ನು ಯಜಮಾನರೇ ತಮ್ಮ ಕೈಯಾರೆ ಕತ್ತರಿಸಿದರು.

ಕೆಲಸವನ್ನು ಮತ್ತೆ ಶುರು ಮಾಡುವ ಮೊದಲು, ಪ್ಲಗ್ ಹೊರಗಿರುವಾಗಲೇ, ನಿಮ್ಮ ಕಟರಿನ ತಲೆಯನ್ನು ಒಮ್ಮೆ ಪೂರ್ತಿ ಕೆಳಗೆ ಬಾಗಿಸಿ, ಹಾಗೇ ಮೇಲಕ್ಕೆ ತನ್ನಿ. ಗಾರ್ಡು ತಾನಾಗಿ ಬಂದು ಬ್ಲೇಡನ್ನು ಮುಚ್ಚಿಕೊಂಡಿತೇ ನೋಡಿ. ಅರ್ಧಕ್ಕೆ ನಿಂತರೆ ಸ್ಪ್ರಿಂಗಿನ ಹತ್ತಿರ ಹುಡಿ ಸೇರಿಕೊಂಡಿದೆ ಅಂತ ಲೆಕ್ಕ. ಇವತ್ತಿನ ಮೊದಲ ಕೆಲಸ ಅದನ್ನು ಬಿಡಿಸುವುದಾಗಲಿ, ಹಲಗೆ ಆಮೇಲೆ ಕೊಯ್ದರಾಯಿತು.